ದೇವರಿಲ್ಲದವರ ಕೂಟ: ಮೊದಲು ಹೆಗಲು, ಆಮೇಲೆ ಭಾಷಣ

ಪ್ರಶ್ನೆ: ಮೇಡಂ, ನಾನು ಬಾಗಲಕೋಟೆ ನವನಗರದವನು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾನು, ನನ್ನ ಹೆಂಡತಿ ಇಬ್ಬರೂ ದೇವರನ್ನು ನಂಬುವುದಿಲ್ಲ. ನಂಬುವವರ ಜೊತೆ ಜಗಳವೂ ಇಲ್ಲ. ಆದರೆ ಹೋದ ವರ್ಷ ಅಪ್ಪ ತೀರಿಕೊಂಡಾಗ ಶಿವಗಣಾರಾಧನೆ ಮಾಡಲಿಲ್ಲ ಅಂತ ಬೀಗರು, ಬಳಗದವರು ಮುನಿಸಿಕೊಂಡು ದೂರವಾದರು. ಮಗಳಿಗೆ ಎಂಟು ವರ್ಷ. ಗೆಳತಿಯರು ಗುಡಿ, ಮಸೀದಿ, ಚರ್ಚು ಅಂತ ಹೋಗುತ್ತಾರೆ, ನಾವು ಎಲ್ಲಿಗೆ ಹೋಗೋದು ಅಂತ ಕೇಳುತ್ತಾಳೆ. ಲಂಡನ್ನಿನಲ್ಲಿ ದೇವರಿಲ್ಲದವರು ಭಾನುವಾರ ಸೇರುತ್ತಾರಂತೆ. ಅಂಥದ್ದು ನಮ್ಮಲ್ಲಿ ನಡೆಯುತ್ತದೆಯೇ? ಹೇಗೆ ಶುರು ಮಾಡಬೇಕು? ಅವ್ವ ನಮ್ಮ ಜೊತೆಗೇ ಇದ್ದಾಳೆ, ದಿನಾ ಲಿಂಗಪೂಜೆ ಮಾಡುತ್ತಾಳೆ. ಅವಳನ್ನು ಏನು ಮಾಡುವುದು?

ಉತ್ತರ: ನಡೆಯುತ್ತದೆ. ಆದರೆ ಲಂಡನ್ನಿನ ಅಚ್ಚಿನಲ್ಲಿ ನಡೆಯುವುದಿಲ್ಲ.

ನೀವು ಕೇಳಿದ್ದು ಸಂಡೇ ಅಸೆಂಬ್ಲಿ ಬಗ್ಗೆ ಇರಬೇಕು. 2013ರ ಜನವರಿಯಲ್ಲಿ ಸ್ಯಾಂಡರ್ಸನ್ ಜೋನ್ಸ್, ಪಿಪ್ಪಾ ಇವಾನ್ಸ್ ಎಂಬ ಇಬ್ಬರು ಹಾಸ್ಯ ಕಲಾವಿದರು ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಇದನ್ನು ಶುರು ಮಾಡಿದರು. ಜಾಗ, ಪ್ರಾರ್ಥನೆ ನಿಂತುಹೋಗಿದ್ದ ಒಂದು ಹಳೆಯ ಚರ್ಚು. ಎಲ್ಲರೂ ಎದ್ದು ನಿಂತು ಜನಪ್ರಿಯ ಪಾಪ್ ಹಾಡು ಹಾಡುತ್ತಾರೆ, ಯಾರೋ ಒಬ್ಬರು ಮಾತಾಡುತ್ತಾರೆ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ, ಆಮೇಲೆ ಚಹಾ ಮತ್ತು ಕೇಕು. ನಾಲ್ಕಾರು ವರ್ಷದಲ್ಲಿ ಹಲವು ದೇಶಗಳಿಗೆ ಹರಡಿತು. ಆಮೇಲೆ ಅದರ ಎಷ್ಟೋ ಶಾಖೆಗಳು ಮುಚ್ಚಿಯೂ ಹೋದವು. ಇದು ಹೊಸ ವಿಚಾರವೂ ಅಲ್ಲ. ನ್ಯೂಯಾರ್ಕಿನಲ್ಲಿ ಫೆಲಿಕ್ಸ್ ಆಡ್ಲರ್ ಎಂಬುವರು 1876ರಲ್ಲೇ ದೇವರ ಮಾತಿಲ್ಲದ ನೀತಿಯ ಕೂಟ ಕಟ್ಟಿದ್ದರು.

ಅವರಿಗೆಲ್ಲ ಒಂದು ಅನುಕೂಲ ಇತ್ತು. ಹುಟ್ಟಿದಾಗಿನಿಂದ ವಾರಕ್ಕೊಮ್ಮೆ ಬೆಂಚಿನ ಮೇಲೆ ಸಾಲಾಗಿ ಕೂತು ಕೇಳುವ ರೂಢಿ. ಆ ರೂಢಿಯನ್ನು ಇಟ್ಟುಕೊಂಡು ದೇವರನ್ನು ತೆಗೆದರು. ನಮ್ಮ ಕಡೆ ಶುಕ್ರವಾರದ ನಮಾಜು, ಭಾನುವಾರದ ಚರ್ಚು ಬಿಟ್ಟರೆ ಆ ರೂಢಿ ಕಡಿಮೆ. ಶ್ರಾವಣದಲ್ಲಿ ಪ್ರವಚನಕ್ಕೆ ಸಾವಿರಾರು ಜನ ಸೇರುತ್ತಾರೆ, ನಿಜ. ಕೇಳುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ನಮ್ಮ ಜನರನ್ನು ಕಟ್ಟಿಹಾಕಿದ್ದು ಪ್ರವಚನ ಅಲ್ಲ. ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಮದುವೆ, ಸತ್ತವರ ಮಣ್ಣು. ಇವು ನಾಲ್ಕು.

ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಬೀಗರು ಮುನಿಸಿಕೊಂಡದ್ದು ದೇವರ ವಿಷಯಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಶಿವಗಣಾರಾಧನೆ ಅಂದರೆ ಪೂಜೆ ಅಷ್ಟೇ ಅಲ್ಲವಲ್ಲ. ಸತ್ತವರ ಮನೆಗೆ ಎಲ್ಲರೂ ಮತ್ತೊಮ್ಮೆ ಬರಲು ಅದೊಂದು ದಿನ. ಒಂದೇ ಪಂಕ್ತಿಯಲ್ಲಿ ಕೂತು ಉಂಡು, ಅಪ್ಪನ ಮಾತಾಡಿ, ಒಂದಿಷ್ಟು ಅತ್ತು, ಒಂದಿಷ್ಟು ನಕ್ಕು ಹೋಗುವ ದಿನ. ನೀವು ಪೂಜೆ ತೆಗೆದಿರಿ, ಅದರ ಜೊತೆ ದಿನವನ್ನೂ ತೆಗೆದಿರಿ. ಅವರಿಗೆ ಬರಲು ನೆಪವೇ ಉಳಿಯಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೆ ಜನರನ್ನು ಕರೆಯಬೇಡಿ. ಅದಕ್ಕೆ ಎರಡು ಸಲ ಬರುತ್ತಾರೆ, ಮೂರನೆಯ ಸಲ ನೀವೊಬ್ಬರೇ ಇರುತ್ತೀರಿ. ಕಷ್ಟ ಬಂದಾಗ ಒಬ್ಬರಿಗೊಬ್ಬರು ಒದಗುವ ಹತ್ತು ಮನೆಗಳನ್ನು ಕೂಡಿಸಿ. ಭಾಷಣ ಆಮೇಲೆ ತಾನಾಗಿ ಬರುತ್ತದೆ, ತಡೆಯುವುದೇ ಕಷ್ಟ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಚೇಯೂನ್ ಲಿಮ್, ರಾಬರ್ಟ್ ಪಟ್ನಮ್ ಎಂಬ ಸಮಾಜ ವಿಜ್ಞಾನಿಗಳು ಅಮೆರಿಕದಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಚರ್ಚಿಗೆ ಹೋಗುವವರು ಹೆಚ್ಚು ನೆಮ್ಮದಿಯಿಂದ ಇರುತ್ತಾರೆ, ಯಾಕೆ ಅಂತ ಹುಡುಕಿದರು. ನಂಬಿಕೆ ಗಟ್ಟಿಯಾಗಿದ್ದದ್ದು ಕಾರಣವಲ್ಲ, ಆ ಸಭೆಯಲ್ಲಿ ಅವರಿಗೆ ಆಪ್ತ ಗೆಳೆಯರು ಇದ್ದದ್ದು ಕಾರಣ ಎಂದು ಕಂಡಿತು. ಪ್ರತಿ ವಾರ ಹೋದರೂ ಅಲ್ಲಿ ಗೆಳೆಯರಿಲ್ಲದವರಿಗೆ ಆ ನೆಮ್ಮದಿ ಸಿಗಲಿಲ್ಲ. ಇನ್ನೊಂದು ಕಹಿ ಸುದ್ದಿಯನ್ನೂ ಹೇಳಬೇಕು. 19ನೇ ಶತಮಾನದ ಅಮೆರಿಕದಲ್ಲಿ ಒಟ್ಟಿಗೆ ಬಾಳುವ ನೂರಾರು ಸಮುದಾಯಗಳು ಹುಟ್ಟಿದ್ದವು. ರಿಚರ್ಡ್ ಸೋಸಿಸ್ ಎಂಬ ಮಾನವಶಾಸ್ತ್ರಜ್ಞರು ಅವುಗಳ ಆಯಸ್ಸು ಹೋಲಿಸಿ ನೋಡಿದರು. ಧರ್ಮದ ಮೇಲೆ ನಿಂತವು ಜಾಸ್ತಿ ಬಾಳಿದ್ದವು. ಅವುಗಳಲ್ಲೂ ಕಟ್ಟುಪಾಡು ಜಾಸ್ತಿ ಇದ್ದವು ಇನ್ನೂ ಜಾಸ್ತಿ ಬಾಳಿದ್ದವು. ಧರ್ಮವಿಲ್ಲದ ಸಮುದಾಯಗಳಿಗೆ ಮಾತ್ರ ಕಟ್ಟುಪಾಡಿನಿಂದ ಏನೂ ಲಾಭ ಆಗಿರಲಿಲ್ಲ. ಅಂದರೆ ನಿಯಮಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ ಕೂಟ ಉಳಿಸಲು ಆಗುವುದಿಲ್ಲ. ದೇವರ ಹೆಸರಿಲ್ಲದೆ ನಿಯಮ ಹಾಕಿದರೆ ಜನ 'ಯಾಕೆ' ಅಂತ ಕೇಳುತ್ತಾರೆ. ಕೇಳಲೇಬೇಕು ಅಲ್ವಾ, ಅದಕ್ಕೇ ತಾನೇ ನಿಮ್ಮ ಹತ್ತಿರ ಬಂದದ್ದು!

ಯಾರನ್ನು ಕರೆಯಬೇಕು? 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ನಾಸ್ತಿಕ ಎಂದು ಬರೆಸಿದವರು ಸುಮಾರು 33 ಸಾವಿರ. ಆ ಲೆಕ್ಕ ಹಿಡಿದು ಹುಡುಕಿದರೆ ಬಾಗಲಕೋಟೆಯಲ್ಲಿ ನಿಮ್ಮ ಮನೆಯವರು ಮಾತ್ರ ಸಿಗುತ್ತೀರಿ. ಹಾಗೆ ಹುಡುಕಬೇಡಿ. ನಿಮ್ಮ ಮೊದಲ ಸದಸ್ಯರು ಜಾತಿ ಬಿಟ್ಟು, ಧರ್ಮ ಬಿಟ್ಟು ಮದುವೆಯಾದ ಜೋಡಿಗಳು. ಅವರಲ್ಲಿ ಕೆಲವರು ದೇವರನ್ನು ನಂಬಬಹುದು, ಪರವಾಗಿಲ್ಲ. ಬಳಗವನ್ನು ಕಳೆದುಕೊಂಡವರು, ಬಳಗ ಬೇಕಾದವರು. ಆಮೇಲೆ ನಿವೃತ್ತ ವಿಜ್ಞಾನ ಮೇಷ್ಟ್ರುಗಳು, ಹಳೆಯ ದಲಿತ ಚಳವಳಿ, ರೈತ ಚಳವಳಿಯಲ್ಲಿ ಓಡಾಡಿದವರು, ಗಂಡ ಸತ್ತ ಮೇಲೆ ಶುಭಕಾರ್ಯಕ್ಕೆ ಹಿಂದೆ ನಿಲ್ಲಿಸಿದ್ದಕ್ಕೆ ಸಿಟ್ಟಾದ ಹೆಣ್ಣುಮಕ್ಕಳು. ಬೆಂಗಳೂರು, ಪುಣೆಯಿಂದ ಕೆಲಸ ಬಿಟ್ಟು ಊರಿಗೆ ಬಂದ ಹುಡುಗರೂ ಬರುತ್ತಾರೆ, ಆದರೆ ಅವರ ಮೇಲೆ ಪೂರ್ತಿ ಭಾರ ಹಾಕಬೇಡಿ, ಮತ್ತೆ ಹೋಗಿಬಿಡುತ್ತಾರೆ. ಒಬ್ಬೊಬ್ಬರ ಮನೆಗೆ ಹೋಗಿ, ಕೂತು, ಚಹಾ ಕುಡಿದು ಕರೆಯಿರಿ. ವಾಟ್ಸಾಪ್ ಗ್ರೂಪು ಮಾಡಿ ಕರೆದರೆ ಬರುವುದು ವಾದ ಮಾತ್ರ.

ನವನಗರದವರಿಗೆ ಇದು ಗೊತ್ತಿರುವ ಕೆಲಸ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋದಾಗ, ಸೆಕ್ಟರ್ ಸೆಕ್ಟರ್ ಅಂತ ಹಂಚಿಹೋದ ಜನ ನೆರೆಹೊರೆಯನ್ನು ಹೊಸದಾಗಿ ಕಟ್ಟಿಕೊಂಡರಲ್ಲ.

ತಿಂಗಳಿಗೊಮ್ಮೆ ಸಾಕು. ದಿನ ಗಟ್ಟಿ ಇರಲಿ, ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರ. ಹಳ್ಳಿಯ ರೈತರೂ ಬರುವಂತಿದ್ದರೆ ಸೋಮವಾರ ಸಂಜೆ ಯೋಚಿಸಿ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಭಾನುವಾರದ ರಜೆ ನೌಕರರಿಗೆ ಮಾತ್ರ. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಸೇರಿ ಹತ್ತಕ್ಕೆ ಮುಗಿಸಿಬಿಡಿ. ಹೇಳಿದ ಹೊತ್ತಿಗೆ ಶುರು ಮಾಡಿ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಗಡಿಯಾರ ನೋಡಿದಂತೆ ಶುರುವಾಗುತ್ತಿತ್ತು, ಅದಕ್ಕೇ ಜನ ಹೊತ್ತಿಗೆ ಮುಂಚೆ ಬಂದು ಕೂರುತ್ತಿದ್ದರು. ನಂಬದವರೂ ಅವರಿಂದ ಕಲಿಯಬೇಕಾದ್ದು ಅದು. ಜಾಗ ಮೊದಲು ಮನೆಗಳೇ, ಆದರೆ ಸರದಿಯ ಮೇಲೆ. ಒಂದೇ ಮನೆಯಲ್ಲಿ ನಡೆದರೆ ಅದು ಆ ಮನೆಯವರ ಕೂಟ ಆಗುತ್ತದೆ. ಇಪ್ಪತ್ತೈದು ಜನ ದಾಟಿದ ಮೇಲೆ ಶಾಲೆಯ ಕೋಣೆಯನ್ನೋ ಸಾಹಿತ್ಯ ಭವನವನ್ನೋ ಕೇಳಿ. ಯಾವುದೇ ಒಂದು ಜಾತಿಯ ಹೆಸರಿರುವ ಭವನ ಮಾತ್ರ ಬೇಡ, ಪುಕ್ಕಟೆ ಕೊಟ್ಟರೂ ಬೇಡ.

ಹಾಡಿನಿಂದ ಶುರುವಾಗಲಿ. ಇಂಗ್ಲಿಷ್ ಹಾಡಿನ ನಕಲು ನಮಗೆ ಯಾಕೆ? ಗೀಗೀ ಪದ, ಲಾವಣಿ, ಬೀಸುವ ಪದ ನಮ್ಮಲ್ಲಿ ಬೇಕಾದಷ್ಟಿವೆ. ತತ್ವಪದದಲ್ಲಿ ಗುರು, ಶಿವ ಬರುತ್ತಾರೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಹಾಡಲಿ ಬಿಡಿ, ಹಾಡಿದ ಮಾತ್ರಕ್ಕೆ ಯಾರೂ ದೀಕ್ಷೆ ತಗೊಳ್ಳುವುದಿಲ್ಲ. ಆಮೇಲೆ ಇಪ್ಪತ್ತು ನಿಮಿಷ ಒಬ್ಬರ ಮಾತು. ಹೊರಗಿನ ಭಾಷಣಕಾರರನ್ನು ಆರು ತಿಂಗಳಿಗೊಮ್ಮೆ ಕರೆದರೆ ಸಾಕು. ಉಳಿದಂತೆ ಸದಸ್ಯರೇ ತಮ್ಮ ಕೆಲಸದ ಬಗ್ಗೆ ಹೇಳಲಿ. ಗುಳೇದಗುಡ್ಡದ ಖಣ ನೇಯುವವರು, ಬೋರ್‌ವೆಲ್ ಪಾಯಿಂಟ್ ನೋಡುವವರು, ಸಕ್ಕರೆ ಫ್ಯಾಕ್ಟರಿಯ ಕೆಮಿಸ್ಟು, ಬಸ್ ಕಂಡಕ್ಟರು. ತೆಂಗಿನಕಾಯಿ ಹಿಡಿದು ನೀರು ನೋಡುವುದು ಹೇಗೆ ಸುಳ್ಳು ಅಂತ ಬೋರ್‌ವೆಲ್ಲಿನವರೇ ಹೇಳಿದರೆ ಅದರ ತೂಕ ಬೇರೆ.

ಮುಂದಿನ ಅರ್ಧ ಗಂಟೆಯೇ ಇಡೀ ಕೂಟದ ಜೀವ. ಯಾರ ಮನೆಯಲ್ಲಿ ಏನಾಗಿದೆ ಅಂತ ಕೇಳುವುದು. ಯಾರಿಗೆ ಆಪರೇಷನ್ ಇದೆ, ಯಾರ ಮಗ ಫೇಲಾಗಿದ್ದಾನೆ, ಯಾರ ಅತ್ತೆಗೆ ಲಕ್ವಾ ಹೊಡೆದಿದೆ. ಒಂದು ನೋಟ್‌ಬುಕ್ ಇಡಿ. ಯಾರ ರಕ್ತದ ಗುಂಪು ಯಾವುದು, ಯಾರ ಹತ್ತಿರ ಗಾಡಿ ಇದೆ, ಆಸ್ಪತ್ರೆಯಲ್ಲಿ ರಾತ್ರಿ ಕಾಯಲು ಯಾರು ತಯಾರು, ಬುತ್ತಿ ಕಳಿಸುವವರು ಯಾರು. ದೊಡ್ಡ ಕಾಯಿಲೆಗೆ ಬಾಗಲಕೋಟೆಯವರು ಬೆಳಗಾವಿ, ಹುಬ್ಬಳ್ಳಿಗೆ ಓಡುತ್ತಾರೆ. ಅಲ್ಲಿ ಒಂದು ಪರಿಚಯದ ಮನೆ ಇದ್ದರೆ ಎಷ್ಟು ಧೈರ್ಯ ನೋಡಿ. ಮೊದಲ ವರ್ಷ ಈ ನೋಟ್‌ಬುಕ್ ನಾಲ್ಕು ಸಲ ಕೆಲಸಕ್ಕೆ ಬಂದರೆ ನಿಮ್ಮ ಕೂಟ ನಿಂತಿತು ಅಂತ ತಿಳಿಯಿರಿ.

ಕೊನೆಗೆ ಊಟ. ಇಲ್ಲೇ ಜಾತಿ ಗೊತ್ತಾಗುವುದು. ಆಂಧ್ರದ ಗೋರಾ ಅವರು, ಅಂದರೆ ಗೋಪರಾಜು ರಾಮಚಂದ್ರ ರಾವ್, 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ಹೆಂಡತಿ ಸರಸ್ವತಿ ಜೊತೆ ನಾಸ್ತಿಕ ಕೇಂದ್ರ ಕಟ್ಟಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು, ಇವತ್ತಿಗೂ ಇದೆ. ಅವರು ಹುಣ್ಣಿಮೆಯ ರಾತ್ರಿ ಎಲ್ಲ ಜಾತಿಯವರನ್ನೂ ಕೂರಿಸಿ ಸಹಪಂಕ್ತಿ ಊಟ ನಡೆಸುತ್ತಿದ್ದರು. ಆ ಕೇಂದ್ರ ಉಳಿದದ್ದರಲ್ಲಿ ವಾದದ ಪಾಲಿಗಿಂತ ಇಂಥ ಊಟದ ಪಾಲು ದೊಡ್ಡದು ಅಂತ ನನ್ನ ಲೆಕ್ಕ. ನಿಮ್ಮ ಕೂಟದಲ್ಲಿ ಸಸ್ಯಾಹಾರ ಮಾತ್ರ ಅಂತ ನಿಯಮ ಮಾಡಬೇಡಿ. ಆ ಒಂದು ನಿಯಮದಿಂದ ಅರ್ಧ ಊರು ಹೊರಗುಳಿಯುತ್ತದೆ. ಡಬ್ಬಿ ಬೇರೆ ಬೇರೆ ಇರಲಿ, ಪಂಕ್ತಿ ಒಂದೇ ಇರಲಿ. ಇನ್ನೊಂದು: ಗಂಡಸರು ವಿಚಾರವಾದ ಮಾತಾಡುವುದು, ಹೆಂಗಸರು ಒಳಗೆ ರೊಟ್ಟಿ ಬಡಿಯುವುದು, ಇದನ್ನು ನಾನು ಎಷ್ಟೋ ಪ್ರಗತಿಪರ ಮನೆಗಳಲ್ಲಿ ನೋಡಿದ್ದೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದು ಹಂಚಿಕೊಂಡು ತಿನ್ನಿ. ಪಾತ್ರೆ ತೊಳೆಯುವ ಸರದಿ ಗಂಡಸರಿಂದ ಶುರುವಾಗಲಿ.

ವೇದಿಕೆ, ಬ್ಯಾನರು, ಶಾಲು, ಹಾರ-ತುರಾಯಿ ಬೇಡವೇ ಬೇಡ. ನಮ್ಮ ಕಡೆ ಸನ್ಮಾನದ ಹುಚ್ಚಿಗೆ ಬಲಿಯಾದ ಒಳ್ಳೆಯ ಬಳಗಗಳು ಬಹಳ.

ಹಬ್ಬ ಬಿಡಬೇಕೇ ಅಂತ ನಿಮ್ಮ ಮಗಳು ಕೇಳುತ್ತಾಳೆ, ಈಗಲೇ ಹೇಳಿಡಿ: ಬಿಡಬೇಕಿಲ್ಲ. ಎಳ್ಳು ಅಮಾವಾಸ್ಯೆಗೆ ಯಾರದ್ದಾದರೂ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಉಣ್ಣಿ. ಸೀತನಿ ಕಾಲದಲ್ಲಿ ಸೀತನಿ ತಿನ್ನಿ. ಬಾಗಲಕೋಟೆಯವರಾಗಿ ಹೋಳಿಯ ಹಲಗೆ ಬಿಟ್ಟರೆ ಹೇಗೆ? ಬನ್ನಿ ಕೊಡಿ, ಕುಸುರೆಳ್ಳು ಕೊಡಿ. ಮೊಹರಂನಲ್ಲಿ ನಮ್ಮ ಹಳ್ಳಿಗಳ ಹಿಂದೂಗಳೂ ಅಲೈ ಕುಣಿಯುತ್ತಾರೆ, ಯಾರೂ ಧರ್ಮ ಕೇಳುವುದಿಲ್ಲ. ಇದಕ್ಕೆ ನೀವೇ ಒಂದನ್ನು ಸೇರಿಸಬಹುದು. ಗ್ರಹಣದ ದಿನ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಸರಿಯಾದ ಗ್ರಹಣ ಕನ್ನಡಕ ಕೊಟ್ಟು, ಅಲ್ಲೇ ಅವಲಕ್ಕಿ ತಿನ್ನಿಸಿ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು, ವಾಸಿಯಾಗುತ್ತದೆ ಅಂತ. ಅಂಥ ಊರುಗಳ ನಡುವೆ ಒಂದು ತಟ್ಟೆ ಅವಲಕ್ಕಿಯೂ ಕೆಲಸ ಮಾಡುತ್ತದೆ.

ಬೆಳಗಾವಿಗೆ ಒಮ್ಮೆ ಹೋಗಿ ಬನ್ನಿ. ಡಿಸೆಂಬರ್ 6ರಂದು, ಅಂಬೇಡ್ಕರ್ ಅವರ ಪರಿನಿರ್ವಾಣದ ದಿನ, ಸದಾಶಿವನಗರದ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆಯ ಕಾರ್ಯಕ್ರಮ ನಡೆಯುತ್ತದೆ. ಸತೀಶ ಜಾರಕಿಹೊಳಿ ಅವರು 2014ರಲ್ಲಿ ಶುರು ಮಾಡಿದ್ದು. ಸ್ಮಶಾನದಲ್ಲೇ ಊಟ, ಅಲ್ಲೇ ರಾತ್ರಿ ವಾಸ. ಮಕ್ಕಳ ಹೆದರಿಕೆ ಹೋಗುತ್ತದೆ. ಆದರೆ ಅದು ವರ್ಷಕ್ಕೊಮ್ಮೆಯ ದೊಡ್ಡ ಬಹಿರಂಗ ಸಭೆ, ರಾಜಕೀಯದವರು ನಡೆಸುವುದು. ನಿಮ್ಮದು ತಿಂಗಳ ಸಣ್ಣ ಕೂಟ. ಎರಡನ್ನೂ ಬೆರೆಸಬೇಡಿ, ಯಾವ ಪಕ್ಷದ ದುಡ್ಡನ್ನೂ ಮುಟ್ಟಬೇಡಿ.

ಈಗ ಸಾವಿನ ವಿಷಯ. ಇದನ್ನು ಮೊದಲ ಮೂರು ತಿಂಗಳಲ್ಲೇ ಮಾತಾಡಿ, ಮುಂದೂಡಬೇಡಿ. ಪ್ರತಿ ಮನೆಯವರೂ ಒಂದು ಹಾಳೆ ಬರೆದಿಡಲಿ. ಹೂಳುವುದೋ, ಸುಡುವುದೋ, ದೇಹದಾನವೋ. ಯಾರಿಗೆ ಮೊದಲು ಫೋನು ಮಾಡಬೇಕು. ಯಾವ ಹಾಡು. ಹನ್ನೊಂದನೇ ದಿನ ಏನು. ಬರೆದಿಡದಿದ್ದರೆ ಹೆಣದ ಮುಂದೆ ಜಗಳ ಆಗುತ್ತದೆ, ಗಟ್ಟಿ ದನಿಯವರು ಗೆಲ್ಲುತ್ತಾರೆ. ಸ್ಮಶಾನ ಬದಲಿಸಬೇಕಿಲ್ಲ. ಮನೆತನದ ರುದ್ರಭೂಮಿಯಲ್ಲೇ, ಪೂಜೆಯಿಲ್ಲದೆ, ನಾಲ್ಕು ಮಾತಾಡಿ ಮಣ್ಣು ಕೊಡಬಹುದು. ಹಿರಿಯರು ತಕರಾರು ತೆಗೆದರೆ ಸಿದ್ಧೇಶ್ವರ ಸ್ವಾಮಿಗಳನ್ನೇ ನೆನಪಿಸಿ. 2023ರ ಜನವರಿ 2ರಂದು ತೀರಿಕೊಂಡ ಅವರು ಮೊದಲೇ ಬರೆದಿಟ್ಟಿದ್ದರು: ಹೂಳಬೇಡಿ, ಸುಡಿ, ಶ್ರಾದ್ಧ ಬೇಡ, ಸ್ಮಾರಕ ಬೇಡ. ಅವರು ನಾಸ್ತಿಕರಲ್ಲ, ಅವರನ್ನು ನಮ್ಮ ಕಡೆಗೆ ಎಳೆದುಕೊಳ್ಳುವುದೂ ಬೇಡ. ಆದರೆ ಅಷ್ಟು ದೊಡ್ಡವರೇ ಬೇಡ ಅಂದದ್ದನ್ನು ನಮ್ಮಪ್ಪನಿಗೆ ಮಾಡದಿದ್ದರೆ ಅಪಚಾರ ಅಲ್ಲ ಅನ್ನಬಹುದಲ್ಲ.

ದೇಹದಾನ ಮಾಡುವವರು ಮೆಡಿಕಲ್ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಫಾರ್ಮ್ ತುಂಬಬೇಕು. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಕಾಲೇಜು, ವಿಜಯಪುರದಲ್ಲಿ ಬಿ.ಎಂ. ಪಾಟೀಲ ಕಾಲೇಜು, ಬೆಳಗಾವಿಯಲ್ಲಿ ಜೆ.ಎನ್. ಕಾಲೇಜು ಮತ್ತು ಬಿಮ್ಸ್ ಇವೆ. ಫಾರ್ಮ್ ತುಂಬಿದರೆ ಮುಗಿಯಲಿಲ್ಲ. ಸತ್ತ ಮೇಲೆ ದೇಹ ಕೊಡುವವರು ಮನೆಯವರು, ಅವರು ಒಲ್ಲೆ ಅಂದರೆ ಕಾಲೇಜಿನವರು ಎಳೆದುಕೊಂಡು ಹೋಗುವುದಿಲ್ಲ. ಪೋಸ್ಟ್‌ಮಾರ್ಟಂ ಆದ ದೇಹ, ಕೆಲವು ಸೋಂಕು ಇದ್ದ ದೇಹ ಸಾಮಾನ್ಯವಾಗಿ ತಗೊಳ್ಳುವುದಿಲ್ಲ, ಹಾಗಾಗಿ ಹಾಳೆಯಲ್ಲಿ ಎರಡನೇ ಆಯ್ಕೆ ಬರೆದಿರಲಿ. ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜೊಂದರಲ್ಲಿ, ದಾನವಾಗಿ ಬಂದ ಬೈಲಹೊಂಗಲದ ವೈದ್ಯರೊಬ್ಬರ ದೇಹವನ್ನು ಅಂಗರಚನಾಶಾಸ್ತ್ರ ಕಲಿಸುವ ಅವರ ಮಗನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ತಂದೆಯ ಆಸೆಯೇ ಅದಾಗಿತ್ತು. ಈ ಕಡೆ ದೇಹದಾನದ ಮಾತೆತ್ತಿದರೆ ಇವತ್ತಿಗೂ ಜನ ಅದನ್ನು ನೆನೆಯುತ್ತಾರೆ.

ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೂ ತಡವಾಗಿಲ್ಲ. ವರ್ಷ ತುಂಬುವ ದಿನ ಒಂದು ಊಟ ಇಡಿ. ಪೂಜೆ ಇಲ್ಲ ಅಂತ ಮೊದಲೇ ಹೇಳಿ, ಮುನಿಸಿಕೊಂಡ ಬೀಗರ ಮನೆಗೆ ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಹೋಗಿ ಕರೆಯಿರಿ. ಅಪ್ಪನ ಫೋಟೋ, ಅವರ ಗೆಳೆಯರ ನಾಲ್ಕು ಮಾತು, ಹೋಳಿಗೆ ಊಟ. ಅರ್ಧದಷ್ಟು ಜನ ಬರುತ್ತಾರೆ. ಕೂಟದ ಮೊದಲ ಕಾರ್ಯಕ್ರಮ ಅದೇ ಆಗಲಿ.

ಮದುವೆಗೆ ಬಂದರೆ, ಕುವೆಂಪು ಅವರು 1966ರಲ್ಲಿ ಮಗನ ಮದುವೆಗೆ ರೂಪಿಸಿದ, ಪುರೋಹಿತರಿಲ್ಲದ ಸರಳ ಮದುವೆಯ ಕ್ರಮವಾದ ಮಂತ್ರಮಾಂಗಲ್ಯ ಈಗ ನಮ್ಮ ಕಡೆಗೂ ಬಂದಿದೆ, ಚೆನ್ನಾಗಿದೆ. ಆದರೆ ತಮಿಳುನಾಡು 1967ರಲ್ಲಿ ಅಂಥದ್ದೇ ಪುರೋಹಿತರಿಲ್ಲದ ಸ್ವಾಭಿಮಾನದ ಮದುವೆಗೆ ಕಾನೂನು ಮಾಡಿದಂತೆ ಕರ್ನಾಟಕದಲ್ಲಿ ಮಾಡಿಲ್ಲ. ಆದ್ದರಿಂದ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಿ. 30 ದಿನದ ನೋಟಿಸು, ಮೂವರು ಸಾಕ್ಷಿಗಳು. ಧರ್ಮ ಬಿಟ್ಟೆ ಅಂತ ಬರೆದುಕೊಡಬೇಕಿಲ್ಲ. ಹೀಗೆ ಮದುವೆಯಾದರೆ ಪಿತ್ರಾರ್ಜಿತ ಆಸ್ತಿ ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಇಬ್ಬರೂ ಹಿಂದೂ ಕಾನೂನಿಗೆ ಸೇರಿದವರಾದರೆ ಹಾಗಾಗುವುದಿಲ್ಲ, 1976ರ ತಿದ್ದುಪಡಿ ಅದನ್ನು ಸರಿಮಾಡಿದೆ. ಹಿಂದೂ ಕಾನೂನಿನಲ್ಲಿ ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಬರುತ್ತಾರೆ. ಬೇರೆ ಧರ್ಮದವರ ಜೊತೆ ಆದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ದಾಖಲೆಯಲ್ಲಿ ಧರ್ಮದ ಕಾಲಂ ಖಾಲಿ ಬಿಡಿ ಅಂತ ಸದಸ್ಯರಿಗೆ ಒತ್ತಾಯ ಮಾಡಬೇಡಿ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಸ್ಥಾನ ಸಿಗುವುದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ದಲಿತ ಮನೆಯ ಮಗು 'ಧರ್ಮ ಇಲ್ಲ' ಅಂತ ಬರೆಸಿ ಸೀಟು ಕಳೆದುಕೊಂಡರೆ ನಿಮ್ಮ ಆದರ್ಶದ ಬೆಲೆಯನ್ನು ಆ ಮಗು ಕಟ್ಟಬೇಕಾಗುತ್ತದೆ.

ಹೆದರಿಕೆಯ ಬಗ್ಗೆ ನೀವು ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಅವರ ಕೊಲೆಯಾದದ್ದು 2013ರ ಆಗಸ್ಟ್ 20. ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ವಚನ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಧಾರವಾಡದ ಮನೆಯಲ್ಲಿ ಕೊಂದದ್ದು 2015ರ ಆಗಸ್ಟ್ 30. ಅವರು ಬಹಿರಂಗವಾಗಿ ಬರೆದವರು, ಹೋರಾಡಿದವರು. ಕೂಡಿ ಉಣ್ಣುವ ಹತ್ತು ಮನೆಗಳಿಗೆ ಅಷ್ಟು ಅಪಾಯ ಇಲ್ಲ. ಆದರೂ ಮೈಮರೆಯಬೇಡಿ. ಮೊದಲ ವರ್ಷ ಫೇಸ್‌ಬುಕ್ ಲೈವ್, ಫೋಟೋ ಬೇಡ. ಹೆಣ್ಣುಮಕ್ಕಳ ನಂಬರು ಹೊರಗೆ ಹೋಗದಿರಲಿ. ಯಾವ ದೇವರ ಮೇಲೂ ಗೇಲಿ ಬೇಡ. ಬೇಕಂತಲೇ ಧಾರ್ಮಿಕ ಭಾವನೆ ಕೆರಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದೆ, ಮೂರು ವರ್ಷದವರೆಗೆ ಜೈಲು. ಮನೆಯೊಳಗೆ ಸೇರಲು ಯಾರ ಅನುಮತಿಯೂ ಬೇಕಿಲ್ಲ. ಬಯಲಲ್ಲಿ ಮೈಕು ಹಚ್ಚುವುದಾದರೆ ಪೊಲೀಸರನ್ನು ಕೇಳಿ.

ದುಡ್ಡು, ಹೆಸರು, ನೋಂದಣಿ, ಇವು ಒಂದು ವರ್ಷ ಕಾಯಲಿ. ಮನೆಗಿಷ್ಟು ಅಂತ ಪಟ್ಟಿ ಹಾಕಿ, ಲೆಕ್ಕವನ್ನು ಪ್ರತಿ ತಿಂಗಳು ಓದಿ ಹೇಳಿ. ನೋಂದಣಿ ಬೇಕೆನಿಸಿದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು.

ನಿಮ್ಮ ಅವ್ವನವರನ್ನು ಏನೂ ಮಾಡಬೇಡಿ. ಅವರು ಲಿಂಗಪೂಜೆ ಮುಗಿಸಿಕೊಂಡೇ ಕೂಟಕ್ಕೆ ಬರಲಿ. ಬೀಸುವ ಪದ ನಿಮ್ಮೆಲ್ಲರಿಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ, ಮೊದಲ ತಿಂಗಳ ಹಾಡು ಅವರಿಂದಲೇ ಹೇಳಿಸಿ. ರೊಟ್ಟಿಯೂ ಅವರೇ ಬಡಿಯಲಿ ಅಂತ ಮಾತ್ರ ಕಾಯಬೇಡಿ.